ಸಿರುಗುಪ್ಪದಿಂದ ಬಂದ ಮೇಸ್ತ್ರಿ

ಕುರುಗೋಡು
೧೫ ಡಿಸೆಂಬರ್ ೨೦೨೪

ಪ್ರೀತಿಯ ಹೇಮಕ್ಕನಿಗೆ ಶಶಿರೇಖಾಳ ನಮಸ್ಕಾರಗಳು.

ಪರೀಕ್ಷೆಯ ನೆಪದಲ್ಲಿ ಇಷ್ಟು ದಿನ ಬರೆಯದೆ ಉಳಿದುದಕ್ಕೆ ಕ್ಷಮೆಯಿರಲಿ. ಫೋನು ಮಾಡಬಹುದಿತ್ತು, ಆದರೆ ಸಿರುಗುಪ್ಪದ ನಿಮ್ಮ ಮನೆಯಲ್ಲಿ ನನ್ನ ಮಾತನ್ನು ನಿನ್ನ ಅತ್ತೆ, ಮಾವ, ನಾದಿನಿ ಎಲ್ಲರೂ ಸ್ಪೀಕರಿನಲ್ಲಿ ಕೇಳುತ್ತಾರಲ್ಲ! ಕೂಸು ಹೊಟ್ಟೆಯಲ್ಲಿ ಒದೆಯುತ್ತಿದೆಯೇ?

ನಿನ್ನನ್ನು ಹೆರಿಗೆಗೆ ತಾತನ ಕಾಲದ ಅಂಬಾಸಿಡರಿನಲ್ಲೇ ಕರೆತರಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ. ಆದರೆ ಅದರ ಆಕ್ಸಿಲರೇಟರ್ ಪೆಡಲು ಜೋಲಾಡುತ್ತಿತ್ತು. ಅರ್ಧದವರೆಗೆ ತುಳಿದರೂ ಎಂಜಿನ್ನಿಗೆ ಸುದ್ದಿ ಮುಟ್ಟುತ್ತಿರಲಿಲ್ಲ.

“ನಿಮ್ಮವ್ವ ಇದ್ದಂಗ ಐತಿ ನೋಡವಾ, ಎಷ್ಟು ಒತ್ತಿದ್ರೂ ಜಗ್ಗಂಗಿಲ್ಲ” ಎಂದರು ಅಪ್ಪ.

“ನನ್ನ ಕೀಲು ಗಟ್ಟಿ ಅದಾವು, ನಿಮ್ಮ ಗಾಡೀದು ನೋಡ್ಕೊಳ್ರಿ” ಎಂದು ಅವ್ವ ಒಳಗಿನಿಂದಲೇ ಕೂಗಿದಳು.

ನಾನೇ ಸರಿಪಡಿಸುತ್ತೇನೆಂದೆ. ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವವಳ ಕೈಯಲ್ಲಿ ಅಷ್ಟೂ ಆಗದಿದ್ದರೆ ಹೇಗೆ? ನಿಜ ಹೇಳಲೇ, ಅಕ್ಕ? ‘ಇದು ನನ್ನ ಮಗಳು ಮಾಡಿದ ಕೆಲಸ’ ಎಂದು ಅಪ್ಪ ನಾಲ್ವರ ಮುಂದೆ ಹೇಳಲಿ ಎಂಬುದೇ ನನ್ನ ಆಸೆಯಾಗಿತ್ತು.

ಬಾಗಿಲು ತೆರೆದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ಪೆಡಲಿನಿಂದ ಕಾರ್ಬುರೇಟರಿಗೆ ಹೋಗುವ ಸರಳಿನ ಕೀಲಿನಲ್ಲಿ ಬುಷ್ ಎಂಬ ಪುಟ್ಟ ಬಳೆ ಸವೆದು ಪುಡಿಯಾಗಿತ್ತು. ಯಾರೋ ಎಂದೋ ತಂತಿ ಸುತ್ತಿ ಬಿಟ್ಟಿದ್ದರು. ಬಳ್ಳಾರಿಯಿಂದ ಹೊಸ ಬುಷ್, ಪಿನ್ನು ತಂದು ಕೂಡಿಸಿ, ಸರಳಿನ ಉದ್ದವನ್ನು ಹೊಂದಿಸಿದೆ. ಕಾಲು ತೆಗೆದೊಡನೆ ಪೆಡಲು ತಡವರಿಸದೆ ಮೇಲೆದ್ದಿತು.

“ಹುಡುಗಿ ಮಾರಿ ನೋಡ್ರಿ, ಬಾಣಲಿ ತಳ ಆಗೇತಿ” ಎಂದು ಅವ್ವ ನಕ್ಕಳು.

ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದರು. “ಪಾದ ಇಟ್ರ ಸಾಕು, ಮಾತು ಕೇಳ್ತೈತಲೇ!” ಎಂದು ಹುಡುಗರಂತೆ ಹಿಗ್ಗಿದರು. ಆ ಮುಖವನ್ನು ನೀನು ನೋಡಬೇಕಿತ್ತು.

ಬರುವ ಭಾನುವಾರ ಬರುತ್ತೇವೆ, ಬಟ್ಟೆ ಕಟ್ಟಿಟ್ಟುಕೊಂಡಿರು. ಊರ ಬಸವಣ್ಣ ನಿನ್ನನ್ನೂ ಕೂಸನ್ನೂ ತಂಪಾಗಿಟ್ಟಿರಲಿ.

ನಿನ್ನ ತಂಗಿ,
ಶಶಿರೇಖಾ

ತಾ.ಕ.: ಆ ಸುತ್ತು ಮುಗಿಸಿ ಹಿಂದಿರುಗುವಾಗ ಬಸ್ ನಿಲ್ದಾಣದ ಬಳಿ ಅಪ್ಪನ ಗೆಳೆಯ ಮರಿಬಸಪ್ಪನವರು ಕಾರಿಗೆ ಅಡ್ಡ ನಿಂತು, “ಲೇ ಜಂಬಣ್ಣ, ನಿನ್ನ ಮುದುಕಿ ಗಾಡಿ ಹರೇದಾಕಿ ಆಗ್ಯಾಳಲ್ಲೋ! ಯಾರ ಕೈಗುಣಲೇ?” ಎಂದರು. ಉಗುರಿನಲ್ಲಿ ಇನ್ನೂ ಗ್ರೀಸು ಇಟ್ಟುಕೊಂಡು ನಾನು ಅಪ್ಪನ ಮುಖವನ್ನೇ ನೋಡಿದೆ. “ಸಿರುಗುಪ್ಪದಿಂದ ಮೇಸ್ತ್ರಿ ಬಂದಿದ್ದ” ಎಂದರು ಅಪ್ಪ. ಮನೆಗೆ ಬಂದ ಮೇಲೆ ಕೇಳಿದ್ದಕ್ಕೆ, “ಹೆಣ್ಣುಮಗಳು ನೀನು. ಮಂದಿ ಬಾಯಿಗೆ ಬಿದ್ರ ದೃಷ್ಟಿ ತಾಗ್ತೈತವಾ” ಎಂದು ತಲೆ ಸವರಿದರು. ಹೋದ ವರ್ಷ ನಾನು ಕಾಲೇಜಿಗೇ ಮೊದಲಿಗಳಾದಾಗ ಇದೇ ಮರಿಬಸಪ್ಪನವರ ಬಾಯಿಗೆ ಪೇಡೆಯಿಟ್ಟು, ನನ್ನ ಅಂಕಗಳನ್ನು ಬೀದಿಯಲ್ಲೇ ನಿಂತು ಓದಿ ಹೇಳಿದ್ದರು, ಅಕ್ಕ. ಅಂದು ದೃಷ್ಟಿಯ ಮಾತೇ ಬಂದಿರಲಿಲ್ಲ.