ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೂ ಸಮುದ್ರ: ಚಕ್ಕುಬಂದಿಯಿಲ್ಲದ ದ್ವೀಪದ ಮನೆಯ ಕುರಿತು

ಮೆಡಿಟರೇನಿಯನ್ ಸಮುದ್ರದ ದ್ವೀಪವೊಂದರ ಭೂ ನೋಂದಣಾಧಿಕಾರಿಗಳಿಗೆ,

ಮಾನ್ಯರೇ,

ಮಲೇಷ್ಯಾದ ಪುಚೊಂಗಿನಲ್ಲಿರುವ ನಮ್ಮ ಬಾಡಿಗೆ ಮನೆಯ ಫ್ರಿಜ್ಜಿನ ಬಾಗಿಲು ಕಳೆದ ಭಾನುವಾರ ಬೆಳಗ್ಗೆ ಹತ್ತೂವರೆಯಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಸೇರಿದೆ ಎಂಬುದನ್ನು ತಮಗೂ ಇಲ್ಲಿನ ಸಮಸ್ತ ಕನ್ನಡಿಗರಿಗೂ ಅತ್ಯಂತ ಗಾಂಭೀರ್ಯದಿಂದ ಪ್ರಕಟಿಸುತ್ತಿದ್ದೇನೆ. ಗ್ಯಾಸಿನವನ ನಂಬರು, ಮಗಳ ಪರೀಕ್ಷೆಯ ವೇಳಾಪಟ್ಟಿ ಎಲ್ಲವನ್ನೂ ಎತ್ತಂಗಡಿ ಮಾಡಿ ಅಲ್ಲಿ ನಿಮ್ಮ ದ್ವೀಪದ ಬಿಳಿ ಮನೆಯೊಂದರ ಚಿತ್ರವನ್ನು ನಾಲ್ಕು ಮ್ಯಾಗ್ನೆಟ್ಟುಗಳ ಬಂದೋಬಸ್ತಿನಲ್ಲಿ ನಿಲ್ಲಿಸಲಾಗಿದೆ. ನಿಲ್ಲಿಸಿದವರು ನನ್ನ ಪತಿ ವಿನಯ. ಬರುವ ಶನಿವಾರ ಅವರು ಆ ಮನೆ ಕೊಳ್ಳುವ ಕರಾರಿಗೆ ಸಹಿ ಹಾಕುವವರಿದ್ದಾರೆ. ಸಹಿ ಬಿದ್ದರೆ, ಹಣ ಹೊಂದಿಸಲು ಮೈಸೂರಿನಲ್ಲಿ ನಮಗಿರುವ ಒಂದೇ ಒಂದು ಸೈಟನ್ನು ಮಾರಬೇಕಾಗುತ್ತದೆ. ನನ್ನ ದೂರು ಇಷ್ಟೇ: ನಿಮ್ಮ ಆ ಮನೆಗೆ ಚಕ್ಕುಬಂದಿ ಇಲ್ಲ.

ಹಾಗೆಂದರೇನು ಎಂದು ತಾವು ಕೇಳಬಹುದು. ತಮಗೆ ಕನ್ನಡ ಬಾರದೆಂದು ಬಲ್ಲೆ. ನಿಮ್ಮ ಕಡೆಯಿಂದ ಬಂದ ಕಾಗದಪತ್ರಗಳ ಭಾಷೆ ನನಗೂ ಬಾರದು. ಈಗ ಇಬ್ಬರೂ ಸಮ. ನಮ್ಮಲ್ಲಿ ಮನೆ, ಜಮೀನು, ಸೈಟು, ಏನೇ ಮಾರಿದರೂ ಅದರ ನಾಲ್ಕು ದಿಕ್ಕಿಗೆ ಯಾರಿದ್ದಾರೆ, ಏನಿದೆ ಎಂದು ಕ್ರಯಪತ್ರದಲ್ಲಿ ಬರೆಯುತ್ತೇವೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಖಾಲಿ ನಿವೇಶನ, ದಕ್ಷಿಣಕ್ಕೆ ಚರಂಡಿ. ಚರಂಡಿಯನ್ನೂ ಬಿಡುವುದಿಲ್ಲ. ನನ್ನ ತಂದೆ ಸೂರ್ಯನಾರಾಯಣ ಮೈಸೂರಿನ ಉಪನೋಂದಣಿ ಕಚೇರಿಯ ಮುಂದೆ ಮೂವತ್ತೆರಡು ವರ್ಷ ಕ್ರಯಪತ್ರ ಬರೆದವರು. ನನ್ನನ್ನು ನೋಡಲು ವಿನಯ ಬಂದಾಗಲೂ ಅಪ್ಪ ಮೊದಲು ಕೇಳಿದ್ದು, "ನಿಮ್ಮ ಅಕ್ಕಪಕ್ಕದ ಮನೇಲಿ ಯಾರಿದ್ದಾರೆ?" ಎಂದೇ. ಸಂಬಳದ ವಿಚಾರ ಕಾಫಿ ಆದ ಮೇಲೆ ಬಂತು.

ಇಂಥ ಮನೆತನದ ಹೆಣ್ಣನ್ನು ಮನೆ ಮಾರುವ ಕಂಪನಿಯವರು ಇಲ್ಲಿನ ಬಾಂಗ್ಸಾರಿನ ಹೋಟೆಲೊಂದರ ಸಭಾಂಗಣಕ್ಕೆ ಕರೆದು, 'ನಿಮ್ಮ ಎರಡನೇ ಮನೆ' ಎಂಬ ನಾಲ್ಕು ನಿಮಿಷದ ಚಿತ್ರ ತೋರಿಸಿದರು. ನೀಲಿ ನೀರು, ಬಿಳಿ ಗೋಡೆ, ಗೋಡೆಯ ಮೇಲೊಂದು ಬೆಕ್ಕು. ಎಲ್ಲರೂ "ಆಹಾ" ಎಂದರು. ನಾನು ಬಟ್ಟೆ ಒಣಹಾಕುವ ಹಗ್ಗ ಹುಡುಕುತ್ತಿದ್ದೆ. ಇರಲಿಲ್ಲ. ಚಿತ್ರದುದ್ದಕ್ಕೂ ಒಬ್ಬನೇ ಒಬ್ಬ ಮನುಷ್ಯನೂ ಇರಲಿಲ್ಲ. ಮಾನ್ಯರೇ, ಅಷ್ಟು ಚೆಂದದ ಜಾಗ ಬಿಟ್ಟು ಅಲ್ಲಿಯವರೆಲ್ಲ ಹೋದದ್ದೆಲ್ಲಿಗೆ? ಹೋಗುವಾಗ ಬೆಕ್ಕನ್ನೇಕೆ ಬಿಟ್ಟು ಹೋದರು? ಅಥವಾ ಅದೂ ಕಂಪನಿಯ ಬೆಕ್ಕೇ?

ಮನೆ ಮಾರುವ ಹೊಣೆ ಹೊತ್ತಿದ್ದವನು ಹೃತ್ವಿಕ್ ಎಂಬ ಬೆಂಗಳೂರಿನವನು. ಕೋಟು ಹಾಕಿಕೊಂಡಿದ್ದ, ಬಾಯಿ ಸಿಹಿ.

"ಚಕ್ಕುಬಂದಿ ತೋರಿಸಪ್ಪ," ಎಂದೆ.

"ಸ್ನ್ಯಾಕ್ಸ್ ಎಲ್ಲಾ ಬ್ರೇಕಲ್ಲಿ ಆಂಟಿ. ಚಕ್ಕುಲಿ ಇಲ್ಲ ಅನ್ಸುತ್ತೆ, ಕರಿಪಫ್ ಇದೆ."

"ಚಕ್ಕುಲಿ ಅಲ್ಲಯ್ಯಾ, ಚಕ್ಕುಬಂದಿ! ಅಕ್ಕಪಕ್ಕ ಯಾರಿದ್ದಾರೆ?"

"ಓ, ನೇಬರ್ಸಾ! ಫುಲ್ ಪ್ರೈವೆಸಿ ಆಂಟಿ ಅಲ್ಲಿ. ಯಾರೂ ಇರಲ್ಲ."

"ಯಾರೂ ಇಲ್ದೆ ಇದ್ರೆ ಅಲ್ಲೊಂದು ಮನೆ ಇದೆಯಾ ಅಂತ ಯಾರನ್ನ ಕೇಳೋದು?"

ಮೇಜಿನಡಿ ವಿನಯ ನನ್ನ ಕಾಲು ತುಳಿದರು. ಆದರೆ ವಿಚಾರಿಸಿ ಹೇಳುತ್ತೇನೆಂದ ಹೃತ್ವಿಕ್ ಮಾತಿಗೆ ತಪ್ಪಲಿಲ್ಲ. ಮನೆ ಕಟ್ಟುವ ಕಂಪನಿಯವರನ್ನೇ ವಿಚಾರಿಸಿ ಮೂರನೇ ದಿನ ವಾಟ್ಸಾಪಿನಲ್ಲಿ ಉತ್ತರ ಕಳಿಸಿದ. ಪೂರ್ವಕ್ಕೆ ಸಮುದ್ರ. ಪಶ್ಚಿಮಕ್ಕೆ ಸಮುದ್ರ. ಉತ್ತರಕ್ಕೆ ಸಮುದ್ರ. ದಕ್ಷಿಣಕ್ಕೆ ಸಮುದ್ರ. ಕೊನೆಯಲ್ಲಿ ಒಂದು ನಗುಮುಖ.

ಈಗ ತಾವೇ ತೀರ್ಮಾನಿಸಿ. ನಾಲ್ಕೂ ಕಡೆ ಸಮುದ್ರವೆಂದರೆ ಒಂದೋ ಅವರು ನಮಗೆ ಇಡೀ ದ್ವೀಪವನ್ನೇ ಮಾರುತ್ತಿದ್ದಾರೆ. ಹಾಗಿದ್ದರೆ ತಮ್ಮ ಕಚೇರಿಯೂ ನಮ್ಮದೇ ಆಗುವುದರಿಂದ ತಾವು ಜಾಗ ಖಾಲಿ ಮಾಡಬೇಕಾದೀತು. ಇಲ್ಲವೇ ಅದು ಮನೆಯಲ್ಲ, ದೋಣಿ. ಅದೂ ಅಲ್ಲದಿದ್ದರೆ, ಮನೆ ಎಲ್ಲಿದೆಯೆಂದು ಮಾರುವವರಿಗೇ ತಿಳಿಯದು. ನನ್ನ ಒಲವು ಈ ಮೂರನೆಯದರ ಕಡೆಗೆ. ತಾವು ಪ್ರಾಮಾಣಿಕರೇ ಇರಬಹುದು. ಆದರೆ ಅನುಮಾನಪಡುವುದನ್ನು ಪ್ರಾಮಾಣಿಕರಿಂದಲೇ ಆರಂಭಿಸುವುದು ನನ್ನ ವಾಡಿಕೆ.

ಇದು ಬರಿಯ ಚಪಲದ ಅನುಮಾನವಲ್ಲ. ಆರು ವರ್ಷದ ಹಿಂದೆ ರಜೆಯಲ್ಲಿ ಮೈಸೂರಿಗೆ ಹೋದಾಗ ನಮ್ಮ ಸೈಟಿನಲ್ಲಿ ಯಾರದೋ ಹೆಸರಿನ ಬೋರ್ಡು ನೆಟ್ಟಿತ್ತು. ಇಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ವಿನಯ ತಮ್ಮ ಕಾಗದ ತೆಗೆದರು, ಅವರು ಅವರ ಕಾಗದ ತೆಗೆದರು. ಎರಡರಲ್ಲೂ ಮುದ್ರೆ ದುಂಡಗೇ ಇತ್ತು. ಆಗ ಪಕ್ಕದ ಮನೆಯ ಹೊನ್ನಮ್ಮ ಹೊರಗೆ ಬಂದರು. ವರ್ಷಾನುಗಟ್ಟಲೆಯಿಂದ ನಮ್ಮ ಸೈಟಿನಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದವರು. ನಮ್ಮ ಕ್ರಯಪತ್ರದಲ್ಲಿ 'ಪೂರ್ವಕ್ಕೆ: ಹೊನ್ನಮ್ಮನವರ ಮನೆ' ಎಂದು ಅಪ್ಪನ ಅಕ್ಷರದಲ್ಲಿದೆ.

"ಯಾರಯ್ಯಾ ಅಳೀತಿರೋದು? ಇದು ವಿನಯಪ್ಪನ ಸೈಟು!"

"ನೀವ್ಯಾರಮ್ಮ ಕೇಳೋಕೆ?"

"ನಾನಾ? ನಾನು ಇದರ ಪೂರ್ವ!"

ಅಳೆಯುತ್ತಿದ್ದವರ ಕಾಗದದಲ್ಲಿ ಪೂರ್ವಕ್ಕೆ ರಸ್ತೆ ಎಂದಿತ್ತು. ಆ ರಸ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ಇಬ್ಬರೂ ಟೇಪು ಸುತ್ತಿಕೊಂಡು ಹೋದರು. ಮಾನ್ಯರೇ, ನಿಮ್ಮ ದ್ವೀಪದಲ್ಲಿ ನಾಳೆ ಯಾರಾದರೂ ಟೇಪು ಹಿಡಿದು ಬಂದರೆ ನಮ್ಮ ಪರವಾಗಿ ಸಮುದ್ರ ಬಂದು ಮಾತಾಡುತ್ತದೆಯೇ?

ಇಷ್ಟೆಲ್ಲ ಹೇಳಿದ್ದಕ್ಕೆ ವಿನಯ ಕೊಟ್ಟ ಉತ್ತರವನ್ನೂ ಮುಚ್ಚಿಡದೆ ಬರೆಯುತ್ತೇನೆ. "ಹದಿನಾಲ್ಕು ವರ್ಷದಿಂದ ಎರಡೆರಡು ವರ್ಷಕ್ಕೊಂದ್ಸಲ ಪಾಸ್‌ಪೋರ್ಟ್ ಹಿಡ್ಕೊಂಡು ವೀಸಾ ಮುದ್ರೆ ಹಾಕಿಸ್ಕೋತಾ ಇದೀನಿ ಕಣೇ. ಇನ್ನೂ ಎಷ್ಟು ದಿನ ಇರ್ತೀರಾ ಅಂತ ಯಾರೂ ಕೇಳದ ಒಂದು ಜಾಗ ಬೇಕು, ಅಷ್ಟೆ." ಮನೆ ಕೊಂಡರೆ ವಾಸದ ಪರವಾನಗಿಯೂ ಜೊತೆಗೆ ಬರುತ್ತದೆಂದು ಹೃತ್ವಿಕ್ ಹೇಳಿದ್ದನಲ್ಲ, ಅವರು ಮರುಳಾದದ್ದು ಅದಕ್ಕೆ, ಬೆಕ್ಕಿಗಲ್ಲ.

ಆದರೆ ಅವರು ತುಂಬಲು ಕೂತ ಅರ್ಜಿಯಲ್ಲಿ ಒಂದು ಕಾಲಂ ಇತ್ತು: 'ಮೊದಲ ಮನೆಯ ವಿಳಾಸ'. ಪುಚೊಂಗಿನದು ಬಾಡಿಗೆ. ಮೈಸೂರಿನದು ಬರೀ ಸೈಟು, ಅದರ ಮೇಲೆ ಹೊನ್ನಮ್ಮನ ಮೆಣಸಿನಕಾಯಿ. ಪೆನ್ನು ಅಲ್ಲೇ ನಿಂತಿತು. ನಮ್ಮ ಮಗಳು ಅನನ್ಯಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲೇಷ್ಯಾದ 'ಲಾ' ಬಾಲ ಅಂಟಿದ ಇಂಗ್ಲಿಷಿನಲ್ಲಿ. "ಅಪ್ಪಾ, ವಿ ಡೋಂಟ್ ಹ್ಯಾವ್ ಎ ಫಸ್ಟ್ ಹೋಮ್ ಲಾ," ಎಂದು ಮ್ಯಾಗಿ ತಿನ್ನುತ್ತಾ ಎದ್ದು ಹೋದಳು. ಮೊದಲನೆಯದು ಇಲ್ಲದವರಿಗೆ ಎರಡನೆಯದನ್ನು ಕೊಡುವ ನಿಯಮ ತಮ್ಮಲ್ಲಿದೆಯೇ? ಇದ್ದರೆ, ಎಣಿಕೆ ಕಲಿಸಿದವರು ಯಾರು?

ಆ ಕಾಲಂ ನಾನೇ ತುಂಬಿದೆ, ಅಪ್ಪನ ಪದ್ಧತಿಯಲ್ಲಿ. ಪೂರ್ವಕ್ಕೆ: ಭಟ್ಕಳದ ತಾಹೆರಾ ಮತ್ತು ಸಿರಾಜ್ ದಂಪತಿಯ ಮನೆ. ಪಶ್ಚಿಮಕ್ಕೆ: ಆಗಾಗ ಕೆಡುವ ಲಿಫ್ಟು. ಉತ್ತರಕ್ಕೆ: ಎಲ್‌ಆರ್‌ಟಿ ರೈಲಿನ ಹಳಿ. ದಕ್ಷಿಣಕ್ಕೆ, ಹನ್ನೊಂದು ಮಹಡಿ ಕೆಳಗೆ: ನನ್ನನ್ನು ಕಂಡೊಡನೆ ಸಕ್ಕರೆ ಕಡಿಮೆ ಹಾಕುವ ಮಾಮಾಕ್ ಚಹಾದಂಗಡಿ. ಓದಿ ಹೇಳಿದಾಗ ತಾಹೆರಾ ನಕ್ಕಳು. ಆಮೇಲೆ, "ನೀವು ಹೋದ್ರೆ ನಮ್ಮ ಪಶ್ಚಿಮಕ್ಕೆ ಯಾರನ್ನ ಬರೀಲಿ ಅಕ್ಕಾ? ಸಮುದ್ರಾನ?" ಎಂದಳು. ನಗುತ್ತಲೇ ಕೇಳಿದಳು, ಆದರೆ ಉತ್ತರಕ್ಕೆ ಕಾದಳು.

ಆದ್ದರಿಂದ ನನ್ನ ಬೇಡಿಕೆ: ತಾವು ಖುದ್ದಾಗಿ ಆ ಮನೆಯ ಬಾಗಿಲಲ್ಲಿ ನಿಂತು, ನಾಲ್ಕು ದಿಕ್ಕಿಗೆ ಯಾರಿದ್ದಾರೆಂದು ಶುಕ್ರವಾರದೊಳಗೆ ಬರೆದು ಕಳಿಸಬೇಕು. ಮನುಷ್ಯರ ಹೆಸರಾಗಬೇಕು; ಬೆಕ್ಕು ನಡೆಯುವುದಿಲ್ಲ. ನಾಲ್ಕಲ್ಲದಿದ್ದರೆ ಒಂದು ಹೆಸರಾದರೂ ಸಾಕು, ಪೂರ್ವದ್ದು. ಬಂದರೆ ವಿನಯ ಅವರಿಗೆ ಸಹಿ ಹಾಕಲು ನಾನೇ ಪೆನ್ನು ಕೊಡುತ್ತೇನೆ. ನಿಲ್ಲಲು ಬಾಗಿಲೇ ಸಿಗದಿದ್ದರೆ ಅದನ್ನೂ ಬರೆದು, ದುಂಡಗಿನ ಮುದ್ರೆ ಒತ್ತಿ ಕಳಿಸಿ.

ಇಂತಿ,
ಪೂರ್ವಕ್ಕೆ ತಾಹೆರಾ, ಪಶ್ಚಿಮಕ್ಕೆ ಲಿಫ್ಟು, ಉತ್ತರಕ್ಕೆ ರೈಲು, ದಕ್ಷಿಣಕ್ಕೆ ಚಹಾ, ಈ ಮಧ್ಯೆ ಮುಂದಿನ ಮುದ್ರೆಯವರೆಗೆ ವಾಸವಾಗಿರುವ
ಸುಮತಿ

ವಿ.ಸೂ.: ಇದು ಅಧಿಕಾರಿಗಳಿಗಲ್ಲ, ಈ ಬಹಿರಂಗ ಪತ್ರ ಓದುತ್ತಿರುವ ಇಲ್ಲಿನ ಕನ್ನಡಿಗರಿಗೆ. ಅಲ್ಲಿಂದ ಉತ್ತರ ಬರುವುದು ತಡವಾಗಬಹುದು. ಶನಿವಾರ ಹನ್ನೊಂದಕ್ಕೆ ಬಾಂಗ್ಸಾರಿನ ಅದೇ ಹೋಟೆಲಿನಲ್ಲಿ ನೀಲಿ ಚೌಕುಳಿ ಅಂಗಿಯ, ಕನ್ನಡಕವನ್ನು ತಲೆಯ ಮೇಲಿಟ್ಟು ಅದನ್ನೇ ಹುಡುಕುತ್ತ ಸಹಿಗೆ ಕೂತವರೊಬ್ಬರು ಕಂಡರೆ, "ಒಂದ್ನಿಮಿಷ ಪೆನ್ನು ಕೊಡ್ತೀರಾ ಸಾರ್?" ಎಂದು ಕೇಳಿ. ಯಾರಿಗೂ ಇಲ್ಲವೆನ್ನುವ ಮನುಷ್ಯನಲ್ಲ. ಹೃತ್ವಿಕ್ ತನ್ನದನ್ನು ಚಾಚಿದರೆ ಅದನ್ನೂ ಕೇಳಿ ಪಡೆಯಿರಿ. ಎರಡನ್ನೂ ಸೋಮವಾರ ಹಿಂದಿರುಗಿಸಿದರೆ ಸಾಕು.