ಗೋರಂಟಿ ಕೈ ಮತ್ತು ಗೋಂದಿಯಾದ ಒಂದು ಅಂಕ

ಕಾಮಠಿಯ ರಣರಾಗಿಣಿ ಮಹಿಳಾ ರಗ್ಬಿ ಕ್ಲಬ್ಬಿನ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಇವತ್ತು ಆಷಾಢದ ಎರಡನೆಯ ಏಕಾದಶಿ. ನಸುಕಿನಲ್ಲಿ ನಳ ಬಂದಾಗ ನೀರು ಹಿಡಿದು, ಬಾಗಿಲು ಸಾರಿಸಿ ರಂಗೋಲಿ ಎಳೆದು, ದೇವರ ಪಾತ್ರೆ ತಿಕ್ಕಿ, ತುಳಸಿಗೆ ಪ್ರದಕ್ಷಿಣೆ ಹಾಕಿ ಬಂದು ಕುಳಿತಿದ್ದೇನೆ. ಒಲೆ ಹಚ್ಚುವ ಕೆಲಸವಿಲ್ಲ. ನಿಮಗೆ ಬರೆಯಲೆಂದು ದೇವರೇ ಪುರುಸೊತ್ತು ಕೊಟ್ಟಿದ್ದಾನೆ. ಉಪವಾಸದ ದಿನ ಸುಳ್ಳಾಡಿದರೆ ಉಪವಾಸದ ಫಲ ಹೋಗುತ್ತದೆ, ಸಿಟ್ಟು ಮಾಡಿದರೂ ಹೋಗುತ್ತದೆ. ಸುಳ್ಳು ಬರೆಯುವುದಿಲ್ಲ ಎಂದು ಮಾತು ಕೊಡುತ್ತೇನೆ. ಸಿಟ್ಟಿನ ವಿಷಯ ದೇವರು ನೋಡಿಕೊಳ್ಳಲಿ.

ಗೋಂದಿಯಾದಲ್ಲಿ ನಮ್ಮ ತಂಡ ಒಂದೇ ಒಂದು ಅಂಕದಿಂದ ಸೋತದ್ದಕ್ಕೆ ಗೋರಂಟಿಯೇ ಕಾರಣವೆಂದು ನೀವು ಕ್ಲಬ್ಬಿನ ಗೋಡೆಗೆ ನೋಟಿಸು ಅಂಟಿಸಿದ್ದೀರಿ. ಅಂಗೈಗೆ ಗೋರಂಟಿ ಹಚ್ಚಿಸಿಕೊಂಡ ತಪ್ಪಿಗೆ ಮೀಸಲು ಆಟಗಾರ್ತಿ ಧೃತಿಯನ್ನು ಈ ವರ್ಷದ ಉಳಿದೆಲ್ಲ ಪಂದ್ಯಗಳಿಂದ ಕೈಬಿಟ್ಟಿದ್ದೀರಿ. ಹಚ್ಚಿದ ತಪ್ಪಿಗೆ ನಮ್ಮ ಭಜನಾ ಮಂಡಳಿಯ ಹೆಂಗಸರು ಯಾರೂ ಮೈದಾನದ ಗೇಟು ದಾಟಬಾರದೆಂದು ಕಟ್ಟಪ್ಪಣೆ ಮಾಡಿದ್ದೀರಿ. ಧೃತಿ ನನ್ನ ಮೈದುನನ ಮಗಳು. ಹಚ್ಚಿದವಳು ನಾನು. ಮರೆಮಾಚುವಂಥದ್ದೇನಿದೆ? ಹಿತ್ತಲ ಗಿಡದ ಎಲೆ, ಹುಣಸೆಹಣ್ಣು, ಒಂದು ಚೂರು ಅಡಿಕೆ ಸೇರಿಸಿ ನಾನೇ ಅರೆದು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿದ್ದೆ.

ಮರಾಠಿ ನೋಟಿಸಿಗೆ ಕನ್ನಡದಲ್ಲಿ ಉತ್ತರವೇಕೆ ಎಂದು ಕೇಳಬೇಡಿ. ನೀವು ಬಳ್ಳಾರಿಯವರು, ನಾನು ರಾಯಚೂರು ಸೀಮೆಯವಳು. ಮರಾಠಿಯಲ್ಲಿ ನಾನು ಕಾಯಿಪಲ್ಲೆ ಕೊಳ್ಳಬಲ್ಲೆ, ಹಿಂದಿಯಲ್ಲಿ ಗಾಂಧಿಬಾಗಿನ ಸೀರೆ ಅಂಗಡಿಯವನ ಜೊತೆ ಚೌಕಾಶಿ ಮಾಡಬಲ್ಲೆ. ಸರಿಯಾಗಿ ಜಗಳವಾಡಬೇಕೆಂದರೆ ಮಾತ್ರ ಕನ್ನಡವೇ ಬೇಕು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಇಂಥ ದಿನಕ್ಕೇ ಇರಬೇಕು. ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ನೀವು ಅಡುಗೆಯ ಪುಟವೊಂದನ್ನು ತಪ್ಪದೆ ಓದುತ್ತೀರೆಂದು ನಿಮ್ಮ ಮನೆಯವರು ಹೇಳಿದ್ದಾರೆ. ಈ ಪತ್ರ ಇವತ್ತೇ ನಿಮ್ಮ ಕೈಸೇರುತ್ತದೆ, ಸಂಪಾದಕರಿಗೆ ಹೇಳಿ ಇದರ ಪ್ರತಿಯನ್ನು ಅದೇ ಪುಟದಲ್ಲಿ, ಹಾಗಲಕಾಯಿ ಗೊಜ್ಜಿನ ಪಕ್ಕದಲ್ಲಿ ಹಾಕಿಸುತ್ತಿದ್ದೇನೆ.

ರಗ್ಬಿ ನೋಡದ ಓದುಗರಿಗೆ ಎರಡು ಮಾತು. ಸುಲಿಯದ ತೆಂಗಿನಕಾಯಿಯಂಥ ಚೆಂಡನ್ನು ಎದೆಗವಚಿಕೊಂಡು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸುವ ಆಟ ಅದು. ನಡುನಡುವೆ ಎರಡೂ ಕಡೆಯ ಎಂಟೆಂಟು ಹುಡುಗಿಯರು ಬಗ್ಗಿ, ಹೆಗಲಿಗೆ ಹೆಗಲು ಹೆಣೆದು ಒಬ್ಬರನ್ನೊಬ್ಬರು ತಳ್ಳುತ್ತಾರೆ. ಅದಕ್ಕೆ ಸ್ಕ್ರಮ್ ಎನ್ನುತ್ತಾರೆ. ಎಲ್ಲರ ಭಾರವೂ ಬೀಳುವುದು ಮುಂದಿನ ಸಾಲಿನ ಮೂವರ ಕುತ್ತಿಗೆಯ ಮೇಲೆ. ಆದ್ದರಿಂದ ಆ ಜಾಗಕ್ಕೆ ಕಲಿತವರೇ ಬೇಕು. ಆ ಮೂವರಲ್ಲಿ ಒಬ್ಬಳು ಗಾಯಗೊಂಡು, ಕಲಿತ ಇನ್ನೊಬ್ಬಳು ಸಿಗದಿದ್ದರೆ ರೆಫರಿ ತಳ್ಳಾಟವನ್ನೇ ನಿಲ್ಲಿಸುತ್ತಾನೆ. ಆಮೇಲೆ ಎರಡೂ ಕಡೆಯವರು ಸುಮ್ಮನೆ ಬಗ್ಗಿ ನಿಂತು ಎದ್ದು ಹೋಗಬೇಕು. ಮದುವೆಮನೆಯಲ್ಲಿ ಬಿಲ್ ಕೊಡಲು ಜೇಬಿಗೆ ಕೈ ಹಾಕಿದಂತೆ ಮಾಡುವ ಬೀಗರ ಹಾಗೆ.

ನಮ್ಮ ರಣರಾಗಿಣಿಯರಿಗೆ ಇರುವುದೊಂದೇ ವಿದ್ಯೆ, ತಳ್ಳುವುದು. ಗೋಂದಿಯಾದ ಹುಡುಗಿಯರು ಓಡುತ್ತಾರೆ, ನಮ್ಮವರು ತಳ್ಳುತ್ತಾರೆ. ಅಂದು ಅರ್ಧ ಆಟ ಮುಗಿದಾಗಲೂ ನಾವೇ ಮುಂದಿದ್ದೆವು. ಮಂಡಳಿಯ ಹೆಂಗಸರೆಲ್ಲ ತಾಳ ಹಿಡಿದು ಗೆರೆಯ ಪಕ್ಕದಲ್ಲೇ ಕುಳಿತಿದ್ದೆವು. ಮೀಸಲು ಆಟಗಾರ್ತಿಯರ ಬೆಂಚು ನಮ್ಮ ಹಿಂದೆಯೇ ಇತ್ತು. ಅದರ ಮೇಲೆ ಧೃತಿ ಒಬ್ಬಳೇ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆಷಾಢದಲ್ಲಿ ಹೆಣ್ಣುಮಕ್ಕಳ ಅಂಗೈ ಬರಿದಾಗಿ ಇರಬಾರದು. ಇದು ನಿಮ್ಮ ತಾಯಿಗೂ ಗೊತ್ತಿದ್ದ ಮಾತು. ಡಬ್ಬಿ ತೆರೆದೆ, ಹಚ್ಚಿದೆ.

ನೀವು ಕೇಳುತ್ತೀರಿ, ಪಂದ್ಯದ ನಡುವೆ ಆಟಗಾರ್ತಿಗೆ ಗೋರಂಟಿ ಹಚ್ಚುತ್ತಾರೆಯೇ ಎಂದು. ನಾನು ಕೇಳುತ್ತೇನೆ, ಯಾವ ಆಟಗಾರ್ತಿ? ಈ ವರ್ಷ ಒಂದು ಪಂದ್ಯದಲ್ಲಾದರೂ ಅವಳನ್ನು ಕಣಕ್ಕಿಳಿಸಿದ್ದೀರಾ? ಭಂಡಾರಾದಲ್ಲಿ ಕುಳಿತಳು, ವರ್ಧಾದಲ್ಲಿ ಕುಳಿತಳು, ಅಮರಾವತಿಯಲ್ಲಿ ಮಳೆಯಲ್ಲಿ ಕುಳಿತಳು. ನಾವು ಅಭಿಮಾನಿಗಳು, ಸ್ವಾಮಿ. ನಿಮ್ಮ ಆಯ್ಕೆಯ ರೀತಿಯನ್ನು ಗಮನವಿಟ್ಟು ನೋಡಿದ್ದೇವೆ. ಬೆಂಚಿನ ಮೇಲೆ ಕೂತವಳು ಏಳುವುದಿಲ್ಲ ಎಂಬುದು ನಿಮ್ಮ ಪದ್ಧತಿ. ಆ ಪದ್ಧತಿಯನ್ನು ನಂಬಿಯೇ ನಾನು ಗೋರಂಟಿ ಹಚ್ಚಿದ್ದು. ಪದ್ಧತಿ ಮುರಿದವರು ನೀವು, ಶಿಕ್ಷೆ ನಮಗೆ.

ಮುಂದೆ ಆದದ್ದನ್ನು ಯಥಾವತ್ತಾಗಿ ಬರೆಯುತ್ತೇನೆ. ಮುಂದಿನ ಸಾಲಿನ ರಚನಾಳ ಕುತ್ತಿಗೆ ಉಳುಕಿತು. ತರಬೇತುದಾರ ಪ್ರೀತಮ್ ನಮ್ಮ ಕಡೆ ತಿರುಗಿ ಕೂಗಿದ, “ಧೃತಿ, ಚಲ್! ಜಲ್ದಿ!”

ಧೃತಿ ಗೋರಂಟಿ ಇನ್ನೂ ಒಣಗದ ಎರಡೂ ಅಂಗೈ ಮೇಲೆತ್ತಿದಳು. “ಸರ್, ಗೀಲಾ ಹೈ.”

“ಕ್ಯಾ ಗೀಲಾ ಹೈ?”

ಧೃತಿಯ ತಾಯಿ, ನನ್ನ ನೆಗೆಣ್ಣಿ ವತ್ಸಲಾ, ತಾಳ ಬದಿಗಿಟ್ಟು ಎದ್ದು ನಿಂತಳು. “ಥಾಂಬ ರೇ ಬಾಬಾ, ಅರ್ಧಾ ತಾಸ!” ಎಂದು, ಅರ್ಧ ಗಂಟೆ ತಡೆಯಲು ಅವನಿಗೆ ಮರಾಠಿಯಲ್ಲಿ ಹೇಳಿ, ಮಗಳ ಕಡೆ ತಿರುಗಿ, “ಕೈಗೆ ನೀರು ಮುಟ್ಟಿಸಬ್ಯಾಡ. ಈಗ ತೊಳದ್ರ ಬಣ್ಣ ಕೆಂಪಗ ಆಗಂಗಿಲ್ಲ, ಕಾಮಣಿ ಬ್ಯಾನಿ ಆದೋರ ಕೈ ಕಂಡಂಗ ಹಳದಿ ಕಾಣ್ತದ” ಎಂದಳು.

ರೆಫರಿ ಓಡಿ ಬಂದ. ಪಾಪ, ಚಿಕ್ಕ ಹುಡುಗ. ಈ ಕೈಯಲ್ಲಿ ಎದುರಾಳಿಯ ಅಂಗಿ ಹಿಡಿದರೆ ಜಾರುತ್ತದೆ, ತೊಳೆದುಕೊಂಡು ಬರಲಿ ಎಂದ. ಮೈದಾನದ ನಲ್ಲಿಯಲ್ಲಿ ನೀರಿರಲಿಲ್ಲ. ಕೊನೆಗೆ ನಾನೇ, ಮಂಗಳಾರತಿಗೆಂದು ತಂದಿದ್ದ ತಂಬಿಗೆಯ ತೀರ್ಥವನ್ನು ಅವಳ ಕೈಮೇಲೆ ಸುರಿದೆ. ನಾರಾಯಣ ನಾರಾಯಣ ಎನ್ನುತ್ತಲೇ ಉಜ್ಜಿದೆ. ವತ್ಸಲಾ ಅಳುತ್ತಲೇ ಸೆರಗಿನಿಂದ ಒರೆಸಿದಳು. ಧೃತಿ ಗೆರೆಯ ಹತ್ತಿರ ಮುಟ್ಟುವಷ್ಟರಲ್ಲಿ ತಳ್ಳಾಟ ಬಂದ್ ಎಂದು ಸೀಟಿ ಊದಿಯಾಗಿತ್ತು. ತಳ್ಳದೆ ನಮ್ಮವರಿಗೆ ಮತ್ತೇನು ಬರುತ್ತದೆ? ಕೊನೆಯ ಗಳಿಗೆಯಲ್ಲಿ ನಮ್ಮವಳೊಬ್ಬಳು ನೆಲಕ್ಕೆ ಬಿದ್ದರೂ ಚೆಂಡು ಬಿಡಲಿಲ್ಲವೆಂದು ಗೋಂದಿಯಾದವರಿಗೆ ದಂಡದ ಒದೆತ ಸಿಕ್ಕಿತು. ಒದ್ದರು. ಕಂಬಗಳ ನಡುವೆ ಹೋಯಿತು. ಹದಿನೇಳಕ್ಕೆ ಹದಿನೆಂಟು.

ವಾಪಸು ಬಸ್ಸಿನಲ್ಲಿ ನಡೆದ ವಿಮರ್ಶೆಯನ್ನು ನೀವು ಕೇಳಬೇಕಿತ್ತು. ನೀವು ಬಸ್ಸಿನಲ್ಲಿ ಇರಲಿಲ್ಲ. ಯಾವ ಪಂದ್ಯಕ್ಕೂ ಬಂದವರಲ್ಲ. ನಮ್ಮ ಮಂಡಳಿಗೆ ಹೊಸದಾಗಿ ಸೇರಿದ, ಬೆಂಗಳೂರಿನಿಂದ ಬಂದ ಡಾಕ್ಟರ್ ಚಾರುಲತಾ ಹೇಳಿದಳು, “ಆಂಟಿ, ಗೋರಂಟಿದೇನೂ ತಪ್ಪಿಲ್ಲ. ನಮ್ಮ ಟೀಮಿಗೆ ಡೆಪ್ತೇ ಇಲ್ಲ, ಅಷ್ಟೇ.”

“ಹಂಗಂದ್ರ ಏನವಾ?” ಎಂದು ಕೇಳಿದೆ.

“ಆಡೋರು ಬಿದ್ರೆ, ಬೆಂಚಲ್ಲಿ ಕೂತಿರೋರು ಅಷ್ಟೇ ಚೆನ್ನಾಗಿ ಆಡೋ ಹಾಗಿರ್ಬೇಕು.”

“ಇದಕ್ಕ ಇಂಗ್ಲಿಷ್ ಯಾಕ ಬೇಕು?” ಎಂದಳು ವತ್ಸಲಾ. “ನಾನು ಹೊರಗಾದ್ರ ಅಕ್ಕ ನೈವೇದ್ಯ ಮಾಡ್ತಾರ, ಅಕ್ಕ ಹೊರಗಾದಾಗ ನಾ ಮಾಡ್ತಿದ್ದೆ. ಇಪ್ಪತ್ತು ವರ್ಷದಾಗ ದೇವರು ಒಂದಿನಾ ಉಪವಾಸ ಕೂತಿಲ್ಲ.”

“ಅದೇ ಆಂಟಿ, ಅದೇ ಡೆಪ್ತು.”

ನೋಡಿ ಮಾನ್ಯರೇ. ಇಬ್ಬರು ಸೊಸೆಯಂದಿರ ಅಡುಗೆಮನೆಗೆ ಇರುವ ಆಳ ನಿಮ್ಮ ತಂಡಕ್ಕೆ ಇಲ್ಲ. ಕಾಗದದ ಮೇಲೆ ಮೂವರು ಮೀಸಲು ಆಟಗಾರ್ತಿಯರಿದ್ದಾರೆ. ಒಬ್ಬಳು ಹೋದ ವೈಶಾಖದಲ್ಲಿ ಮದುವೆಯಾಗಿ ರಾಯಪುರ ಸೇರಿದ್ದಾಳೆ, ನಾನೇ ಉಡಿ ತುಂಬಿ ಕಳಿಸಿದ್ದೇನೆ. ಇನ್ನೊಬ್ಬಳು ನಿಮ್ಮ ಸಮಿತಿಯ ಸದಸ್ಯರೊಬ್ಬರ ಮಗಳು. ಫೋಟೋದ ದಿನ ಬರುತ್ತಾಳೆ. ಉಳಿದವಳು ಧೃತಿ. ಆಷಾಢದ ಮೊದಲ ಏಕಾದಶಿಗೆ ದೇವರು ಮಲಗಿದ, ನಾಲ್ಕು ತಿಂಗಳಿಗೆ ಏಳುತ್ತಾನೆ. ನಿಮ್ಮ ಸಮಿತಿ ಯಾವ ಏಕಾದಶಿಗೆ ಮಲಗಿತು, ಯಾವುದಕ್ಕೆ ಏಳುತ್ತದೆ ಎಂದು ಪಂಚಾಂಗದಲ್ಲಿ ಹುಡುಕಿದೆ. ಸಿಗಲಿಲ್ಲ.

ಬರುವ ಭಾನುವಾರ ಅದೇ ಗೋಂದಿಯಾದವರು ಕಾಮಠಿಗೆ ಬರುತ್ತಿದ್ದಾರೆ. ರಚನಾ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ತಿರುಗುತ್ತಿದ್ದಾಳೆ. ಮೀಸಲು ಆಟಗಾರ್ತಿ ಸಿಗಲಿಲ್ಲ ಎಂದು ಸೋತಿರಿ, ಅದಕ್ಕೆ ಶಿಕ್ಷೆಯೆಂದು ಇದ್ದೊಬ್ಬ ಮೀಸಲು ಆಟಗಾರ್ತಿಯನ್ನೂ ತೆಗೆದಿರಿ. ತೂತು ಬಿದ್ದ ಕೊಡದ ಮೇಲೆ ಸಿಟ್ಟಾಗಿ ಬುಡವನ್ನೇ ಕಿತ್ತ ಹಾಗಾಯಿತು. ರಚನಾಳ ಜಾಗಕ್ಕೆ ನೀವು ಹೆಸರಿಸಿದ್ದು ಯಾರನ್ನು? ಸಿಂಚನಾಳನ್ನು! ಆ ಮಗು ಅಂಚಿನಲ್ಲಿ ಜಿಂಕೆಯ ಹಾಗೆ ಓಡುವವಳು, ಶ್ಯಾವಿಗೆ ಎಳೆಯಂಥ ಕುತ್ತಿಗೆ. ಇಷ್ಟು ಹೊತ್ತು ನಗಿಸುವ ಹಾಗೆ ಬರೆದೆ, ಈ ಮಾತು ನಗೆಯದಲ್ಲ. ಕಲಿಯದ ಹುಡುಗಿಯನ್ನು ಆ ಸಾಲಿನಲ್ಲಿ ನಿಲ್ಲಿಸಿದರೆ ಜೀವಮಾನವೆಲ್ಲ ಹಾಸಿಗೆ ಹಿಡಿದಾಳು ಎಂದು ಚಾರುಲತಾ ಹೇಳಿದ್ದಾಳೆ. ಸಿಂಚನಾ ಮನೆಗೆ ಬಂದು ಧೃತಿಯ ಪಕ್ಕ ಕುಳಿತು, “ದೀದಿ, ನನಗ ಅಂಜಿಕಿ ಆಗ್ತದ” ಎಂದಳು. ನೋಟಿಸು ಬಂದಂದಿನಿಂದ ಧೃತಿ ಬೂಟು ಹೊರಗೆ ತೆಗೆದಿಲ್ಲ. ದಿನವೂ ಬೆಳಿಗ್ಗೆ ಅಂಗೈಯನ್ನು ಕಲ್ಲುಪ್ಪಿನಿಂದ ತಿಕ್ಕುತ್ತಾಳೆ. ಆಷಾಢದ ಗೋರಂಟಿಯನ್ನು ಹೀಗೆ ಉಜ್ಜಿ ತೆಗೆಯುವ ಹುಡುಗಿಯನ್ನು ನಾನು ನೋಡಿರಲಿಲ್ಲ. ಅರೆದ ಕೈ ನನ್ನದಾದ್ದರಿಂದ ನೋಡಲಾಗುವುದಿಲ್ಲ.

ಸುಮ್ಮನೆ ಕೂರುವ ಸ್ವಭಾವ ನಮ್ಮದಲ್ಲ. ಮೊನ್ನೆ ಮುಂಜಾನೆ ಮಂಡಳಿಯವರೆಲ್ಲ ಸೇರಿ ಅವಳನ್ನು ನಮ್ಮ ಇತವಾರಿಯ ಪೇಟೆಗೆ ಎಳೆದುಕೊಂಡು ಹೋದೆವು. ಕಾಳಿನ ಪೇಟೆಯಲ್ಲಿ ಒಂದು ಕೈಗಾಡಿ ಗೊತ್ತು ಮಾಡಿ ಮೂಟೆ ಹೇರಿಸಿದೆವು. ಭಾರ ಸಾಲದೆಂದು ನಮ್ಮ ಮನೆಯವರನ್ನು ಮೇಲೆ ಕೂರಿಸಿದೆವು. ಅವರು ಬ್ಯಾಂಕಿನವರು, ಕೂತಲ್ಲಿಂದ ಏಳುವವರಲ್ಲ. ಪೇಪರ್ ಓದುತ್ತ ಕುಳಿತರು. ಒಂದು ಕಡೆ ಮಂಡಳಿಯ ಎಂಟು ಹೆಂಗಸರು ಸೆರಗು ಬಿಗಿದು ನಿಂತೆವು, ಇನ್ನೊಂದು ಕಡೆ ಧೃತಿ ಒಬ್ಬಳೇ.

ಗಾಡಿಯವನು ತಲೆ ಕೆರೆದುಕೊಂಡು ಕೇಳಿದ, “ಕಾಕು, ದೋನೋ ತರಫ್ ಸೆ ಧಕೇಲೋಗೇ ತೋ ಮಾಲ್ ಜಾಯೇಗಾ ಕಿಧರ್?”

“ಎರಡೂ ಕಡೆ ತಳ್ಳಿದ್ರ ಮಾಲು ಎತ್ತ ಹೋಗ್ತದ, ಅದನ್ನ ನೋಡಾಕ ಬಂದೀವಿ ತಮ್ಮಾ, ಸುಮ್ಮನಿರು” ಎಂದೆ.

ವತ್ಸಲಾ “ಗೋವಿಂದಾ” ಎಂದಳು, ನಾವೆಲ್ಲ “ಗೋವಿಂದ” ಎಂದು ತಳ್ಳಿದೆವು. ಧೃತಿ ಬಗ್ಗಿದಳು. ಮೊದಲು ಗಾಡಿ ಅಲುಗಲಿಲ್ಲ. ಆಮೇಲೆ ನಮ್ಮ ಚಪ್ಪಲಿಗಳು ಹಿಂದಕ್ಕೆ ಜಾರತೊಡಗಿದವು. ಎಂಟು ಹೆಂಗಸರನ್ನೂ, ಮೂಟೆಗಳನ್ನೂ, ಪೇಪರ್ ಓದುವ ನನ್ನ ಗಂಡನನ್ನೂ ಆ ಹುಡುಗಿ ಹಿಟ್ಟಿನ ಗಿರಣಿಯ ಬಾಗಿಲವರೆಗೆ ತಳ್ಳಿಕೊಂಡು ಹೋದಳು. ಹಿಂದೆ ಟೆಂಪೋಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಮನೆಯವರು ಪೇಪರ್ ಮಡಚಿ, “ನಾವು ಇಳಿಯೂ ಸ್ಟಾಪ್ ಬಂತೇನು?” ಎಂದರು. ಧೃತಿ ನಕ್ಕಳು. ನೋಟಿಸು ಅಂಟಿಸಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಈಗ ನನ್ನ ಬೇಡಿಕೆ. ಧೃತಿಯನ್ನು ಭಾನುವಾರ ಮುಂದಿನ ಸಾಲಿನಲ್ಲಿ ನಿಲ್ಲಿಸಿ. ಸಿಂಚನಾಳನ್ನು ಅವಳ ಅಂಚಿಗೆ ಕಳಿಸಿ. ಮುಂದಿನ ಸಾಲಿಗೆ ಇನ್ನಿಬ್ಬರು ಹುಡುಗಿಯರನ್ನು ಈಗಿನಿಂದಲೇ ತಯಾರು ಮಾಡಿ. ಕೈಗಾಡಿ ಮತ್ತು ಮನೆಯವರನ್ನು ನಾವು ಒದಗಿಸುತ್ತೇವೆ. ಗೇಟಿನ ವಿಷಯದಲ್ಲಿ ನಾನು ಹಟ ಮಾಡುವುದಿಲ್ಲ. ಮಂಡಳಿ ಹೊರಗೇ ನಿಲ್ಲಲಿ ಎಂದರೆ ನಿಲ್ಲುತ್ತೇವೆ. ನಮ್ಮ ತಾಳ ಗೋಡೆ ದಾಟುತ್ತದೆ. ಗೋರಂಟಿಯ ಡಬ್ಬಿಯನ್ನು ತೊಳೆದು ಅದರಲ್ಲಿ ಸಾಬೂದಾಣಿ ತುಂಬಿದ್ದೇನೆ.

ನೀವು ಉತ್ತರ ಬರೆದು ಅಂಚೆಗೆ ಹಾಕಬೇಡಿ. ನಮ್ಮ ಓಣಿಯ ಅಂಚೆಯವನು ಎಲ್ಲವನ್ನೂ ಗಿರಣಿಯಲ್ಲಿ ಕೊಟ್ಟು ಹೋಗುತ್ತಾನೆ, ಅವರು ಅದರಲ್ಲಿ ಹಿಟ್ಟು ಕಟ್ಟುತ್ತಾರೆ. ನಾಳೆ ದ್ವಾದಶಿ, ಬೆಳಿಗ್ಗೆ ಪಾರಣೆ ಮುಗಿಸಿ ಧೃತಿಯನ್ನೇ ನಿಮ್ಮಲ್ಲಿಗೆ ಕಳಿಸುತ್ತೇನೆ. ಉತ್ತರವನ್ನು ಮೇಜಿನ ಮೇಲಿಟ್ಟು ತಗೋ ಎನ್ನಬೇಡಿ. ಅವಳ ಕೈಗೇ ಕೊಡಿ. ಕೊಡುವಾಗ ಅಂಗೈ ನೋಡಿ, ಬಣ್ಣ ಪೂರ್ತಿ ಹೋಗಿದೆ. ಉಗುರಿನಲ್ಲಿ ಮಾತ್ರ ಇನ್ನೂ ಕೆಂಪಿದೆ. ಅದು ದೀಪಾವಳಿಯವರೆಗೂ ಹೋಗುವುದಿಲ್ಲ, ಅಲ್ಲಿಯವರೆಗೆ ಅವಳನ್ನು ಬೆಂಚಿನ ಮೇಲೆ ಕೂರಿಸಬೇಡಿ.

ಇಂತಿ,
ಗೇಟಿನ ಹೊರಗೆ ತಾಳ ಹಿಡಿದು ನಿಂತಿರುವ, ಕರೆದರೆ ಈ ವಯಸ್ಸಿನಲ್ಲೂ ತಳ್ಳಲು ಸಿದ್ಧಳಾಗಿರುವ,
ಕುಮುದಾ ಗಿರಿಧರ
ಇತವಾರಿ, ನಾಗಪುರ