ಬದುವಿನ ಮೇಲೆ ಕಬ್ಬು ಹಚ್ಚುವುದಿಲ್ಲ

ಬೋರಗಾಂವ,
ಭಾದ್ರಪದ ಬಹುಳ ಪಾಡ್ಯ, ಸೋಮವಾರ
೮ ಸೆಪ್ಟೆಂಬರ್ ೨೦೨೫

ಚಿ. ಕು. ಬ್ರಾಹ್ಮಿಗೆ ನಿನ್ನ ಜಿನ್ನಪ್ಪ ಮಾಮಾನ ಜೈ ಜಿನೇಂದ್ರ ಮತ್ತು ತಲೆ ಮೇಲೆ ಕೈಯಿಟ್ಟು ಮಾಡಿದ ಆಶೀರ್ವಾದ.

ಈ ದೇಶಕ್ಕೆ ಇಂಟರ್ನೆಟ್ ತಂದವನು ನಾನು. ಸರಕಾರದ ಕಾಗದದಲ್ಲಿ ಬೇರೆ ಯಾರದೋ ಹೆಸರು ಇರಬಹುದು. ನಾನು ತಕರಾರು ತೆಗೆದಿಲ್ಲ, ದೊಡ್ಡವರು ಸಣ್ಣ ವಿಷಯಕ್ಕೆ ಜಗಳಕ್ಕೆ ನಿಲ್ಲಬಾರದು. ತೊಂಬತ್ನಾಲ್ಕರಲ್ಲಿ ನಮ್ಮ ಮಾಳಿಗೆಯ ಮೇಲೆ ಹನ್ನೆರಡು ಫೂಟಿನ ಡಿಶ್ ಕೂಡಿಸಿ ಮನೆಮನೆಗೆ ಕೇಬಲ್ ಟಿವಿ ಎಳೆದಾಗಲೇ, ಈ ತಂತಿಯೊಳಗೆ ಒಂದು ದಿನ ಕಂಪ್ಯೂಟರುಗಳು ಮಾತಾಡುತ್ತವೆ ಎಂದು ಹೇಳಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಮಾತು ಎಂದು ಬೋರಗಾಂವದವರು ನಕ್ಕರು. ಅಮೆರಿಕದವರು ನಗಲಿಲ್ಲ, ಬರೆದುಕೊಂಡರು.

ನೀನು ನಗುತ್ತಿದ್ದೀ, ಗೊತ್ತು. ನಕ್ಕು ಮುಗಿಸು. ಇವತ್ತು ಕ್ಷಮಾವಾಣಿ. ದಶಲಕ್ಷಣ ಪರ್ವದ ಹತ್ತು ದಿನ ಮುಗಿದು, ಬಸದಿಯಲ್ಲಿ ಎಲ್ಲರೂ ಎಲ್ಲರ ಮುಂದೆ ಕೈ ಜೋಡಿಸಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಿದರು. ನಾನು ಎಪ್ಪತ್ತು ಮಂದಿಯನ್ನು ಕೇಳಿದೆ. ಅವರಲ್ಲಿ ಅರವತ್ತು ಮಂದಿಗೆ ಏನು ತಪ್ಪು ಮಾಡಿದ್ದೆನೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಖರೇ ಕೇಳಬೇಕಾದವಳು ಮಾತ್ರ ಮಿರಜಿನ ಆಸ್ಪತ್ರೆಯಲ್ಲಿ ಡ್ಯೂಟಿ ಮೇಲೆ ಇದ್ದಾಳೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ನಾಲಿಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ಓಡುತ್ತದೆ. ಆ ಹತ್ತು ದಿನಗಳಲ್ಲಿ ಒಂದಾದ ಉತ್ತಮ ಸತ್ಯದ ದಿನ ಸುಳ್ಳು ಆಡುವುದಿಲ್ಲ ಎಂದು ನೇಮ ಹಿಡಿದಿದ್ದೆ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಬಾಯಿಯನ್ನೇ ಬಿಡಲಿಲ್ಲ, ಹಾಗಾಗಿ ನೇಮ ಉಳಿಯಿತು. ನಿನ್ನ ಅವ್ವ, ಅಂದರೆ ನಮ್ಮ ಮಂಗಲಕ್ಕ, ಎರಡು ಸಲ ಬಂದು ನೋಡಿ, "ಯಾಕೋ ಜಿನ್ನೂ, ಹಲ್ಲ ಬ್ಯಾನಿ ಏನ?" ಎಂದು ಲವಂಗ ಕೊಟ್ಟು ಹೋದಳು. ಕಾಗದದಲ್ಲಿ ಆ ತೊಂದರೆಯಿಲ್ಲ. ಬರೆದ ಸುಳ್ಳು ಎದುರಿಗೇ ಕೂತು ನನ್ನ ಮುಖ ನೋಡುತ್ತದೆ.

ಮೊದಲು ಊರಲ್ಲಿ ನಾನು ಹೇಳುತ್ತಿರುವ ಕಥೆ ಕೇಳು. ಆಮೇಲೆ ಆದದ್ದನ್ನು ಬರೆಯುತ್ತೇನೆ.

ಊರಲ್ಲಿ ನಾನು ಹೇಳುವುದು ಹೀಗೆ. ಮಿರಜಿನ ಆಸ್ಪತ್ರೆಯವರು ನಮ್ಮ ಬ್ರಾಹ್ಮಿಗೆ ಷರತ್ತು ಹಾಕಿದರು: ನೆಟ್‌ವರ್ಕಿಂಗಿನ ಮೊದಲ ಮೆಟ್ಟಿಲಿನ ಪರೀಕ್ಷೆ ಪಾಸಾಗಿ ಆಗಸ್ಟ್ ಮುಗಿಯುವುದರೊಳಗೆ ಸರ್ಟಿಫಿಕೇಟ್ ತಂದರೆ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ, ಇಲ್ಲದಿದ್ದರೆ ಸಾಲಿನಲ್ಲಿ ನಿಂತ ಮುಂದಿನವರಿಗೆ. ಕೊಲ್ಹಾಪುರದ ಕ್ಲಾಸಿನವರು ಮೂವತ್ತು ಸಾವಿರ ಕೇಳಿದರು. ಆಗ ಜಿನ್ನಪ್ಪ ಮಾಮಾ ಎದ್ದುನಿಂತು, "ಕ್ಲಾಸ್ ಯಾಕ ಬೇಕು, ನಾ ಸತ್ತೇನೇನು?" ಎಂದ. ತನ್ನ ಕೇಬಲ್ ಆಫೀಸಿನ ಕೀಲಿ ಕೊಟ್ಟ. ತಂತಿಗೆ ಪಿನ್ ಕೂಡಿಸುವುದನ್ನು ಕಲಿಸಿದ, ಕಠಿಣ ಲೆಕ್ಕ ಬಿಡಿಸಿದ, ಫೀ ಕಟ್ಟಿಸಿದ. ಹುಡುಗಿ ಪಾಸಾದಳು.

ಇದರಲ್ಲಿ ಕೀಲಿ ಕೊಟ್ಟದ್ದು ಖರೇ.

ಉಳಿದದ್ದಕ್ಕೆ ಒಂದೊಂದಾಗಿ ಕ್ಷಮೆ ಕೇಳುತ್ತೇನೆ. ಕ್ಲಾಸ್ ಬೇಡ ಎಂದವಳು ನೀನು. ನಿನ್ನ ಅಪ್ಪ ಸುಜಯ ದಾಜಿ ಮಗ್ಗ ನಿಲ್ಲಿಸಿ, ಮೂವತ್ತು ಸಾವಿರ ಎಲ್ಲಿಂದ ಹೊಂದಿಸಲಿ ಎಂದು ಬೆರಳು ಮಡಚುತ್ತಿದ್ದಾಗ ನೀನು, "ಅಪ್ಪಾ, ಕ್ಲಾಸ್ ಫೋನಿನ್ಯಾಗ ಪುಕ್ಕಟ ಐತಿ. ಪರೀಕ್ಷಾ ಫೀ ಅಷ್ಟ ನಾ ಕೂಡಿಸಿಟ್ಟೀನಿ" ಎಂದೆ. ಮಗ್ಗದವರ ಬಿಲ್ಲುಗಳನ್ನು ಟೈಪು ಮಾಡಿ ಕೂಡಿಸಿದ ಹನ್ನೊಂದೂವರೆ ಸಾವಿರ. ಒಂದೇ ಸಲದ ಫೀ. ತಪ್ಪಿದರೆ ಎರಡನೆಯ ಸಲಕ್ಕೆ ಹಣವೂ ಇಲ್ಲ, ದಿನವೂ ಇಲ್ಲ.

ನನ್ನ ಆಫೀಸಿನ ಹಳೆಯ ಕಂಪ್ಯೂಟರಿಗೆ ಪುಕ್ಕಟೆಯ ಅಭ್ಯಾಸದ ಸಾಫ್ಟ್‌ವೇರ್ ಹಾಕಿದವಳೂ ನೀನೇ. ದಿನದ ಡಾಟಾ ಮುಗಿಯುವ ತನಕ ಪಾಠ ನೋಡಿ, ಮುಗಿದ ಮೇಲೆ ನನ್ನ ಕೇಬಲ್ ರಸೀದಿ ಪುಸ್ತಕಗಳ ಹಿಂಬದಿಯಲ್ಲಿ ಬರೆದು ತೆಗೆಯುತ್ತಿದ್ದೆ. ಪಿನ್ ಕೂಡಿಸುವುದನ್ನು ನಾನು ಕಲಿಸಿದೆ ಎನ್ನುತ್ತೇನಲ್ಲ, ನನ್ನ ಕಾಲದ ತಂತಿಯಲ್ಲಿ ಇದ್ದದ್ದು ಒಂದೇ ಎಳೆ. ಇದರಲ್ಲಿ ಎಂಟು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಆಮೇಲೆ ನೀಲಿ. ನಾನು ಪ್ರತಿ ಸಲ ನೀಲಿಯನ್ನು ತಪ್ಪು ಜಾಗದಲ್ಲಿ ಕೂಡಿಸಿ, ತಂತಿ ಕಂಪನಿಯವರಿಗೆ ಬಣ್ಣ ಗೊತ್ತಿಲ್ಲ ಎಂದು ಬೈದೆ. ಡಬ್ಬಿ ಕೊಡಲು ಬಂದ ಮಂಗಲಕ್ಕ ಒಂದೇ ಸಲ ನೋಡಿದಳು. ಮೂವತ್ತು ವರ್ಷ ಮಗ್ಗದ ಮುಂದೆ ಎಳೆ ಕೂಡಿಸಿದ ಕೈ. "ಇದು ಸೀರಿ ದಡಿ ಇದ್ದಂಗ ಐತಲ್ಲೋ. ತಾ ಇಲ್ಲೆ" ಎಂದು ಎಂಟನ್ನೂ ಸಾಲಾಗಿ ಕೂಡಿಸಿ ಒತ್ತಿಯೇ ಬಿಟ್ಟಳು. ತಂತಿ ಸರಿ ಕೂಡಿದೆ ಎಂದು ತೋರಿಸುವ ದೀಪ ಹತ್ತಿತು. ಅವತ್ತು ನನಗೆ ಹೊಟ್ಟೆಕಿಚ್ಚಾಗಿತ್ತು. ಕ್ಷಮಿಸಬೇಕು.

ಇನ್ನು ಆ ಕಠಿಣ ಲೆಕ್ಕ. ಕಂಪ್ಯೂಟರುಗಳಿಗೆ ವಿಳಾಸವಾಗಿ ಕೊಡುವ ಇನ್ನೂರ ಐವತ್ತಾರು ನಂಬರುಗಳನ್ನು ನಾಲ್ಕು ಪಾಲು ಮಾಡಿದರೆ ಪಾಲಿಗೆ ಅರವತ್ತನಾಲ್ಕು. ಅಷ್ಟು ನನಗೂ ಬರುತ್ತದೆ. ಆದರೆ ಆ ಪಾಲಿನಲ್ಲಿ ಕಂಪ್ಯೂಟರುಗಳಿಗೆ ಹಂಚಲು ಸಿಗುವುದು ಅರವತ್ತೆರಡೇ ಅಂತೆ. ನೀನು ಅವಸರದಲ್ಲಿ ಪ್ರತಿ ಸಲ ಅರವತ್ತನಾಲ್ಕು ಬರೆದು ತಪ್ಪುತ್ತಿದ್ದೆ. "ಪಾಠದಾಗ ಎರಡು ಕಳಿ ಅಂತಾರ ಮಾಮಾ. ಯಾಕ ಅನ್ನೂದು ತಲ್ಯಾಗ ಕುಂಡ್ರವಲ್ದು" ಎಂದು ಪೆನ್ನು ಒಗೆದಿದ್ದೆ. ನಾನು, "ಅಮೆರಿಕದವರ ಕಮಿಷನ್ ಇರಬೇಕು" ಎಂದೆ.

ಮರುದಿನ ಹೊಲದಲ್ಲಿ ನಾನು ಬಿಡಿಸಿ ಹೇಳಿದೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನಗೆ ಗೊತ್ತು, ನಾನಲ್ಲ. ನಾವು ನಾಲ್ಕು ಮಂದಿ ಅಣ್ಣತಮ್ಮಂದಿರು ವಾಟಣಿ ಮಾಡಿ ಹಂಚಿಕೊಂಡ ಕಬ್ಬಿನ ಹೊಲದಲ್ಲಿ ಕಸ ತೆಗೆಯುತ್ತಿದ್ದ ಚನ್ನವ್ವನ ಮುಂದೆ ನಾನು ಸುಮ್ಮನೆ ಗೊಣಗಿದೆ: ಈ ಕಂಪ್ಯೂಟರ್ ಪಾಲಿಗೆ ಎರಡರಂತೆ ನಂಬರು ನುಂಗುತ್ತದೆ, ದರೋಡೆ ಇದು ಎಂದು. ಚನ್ನವ್ವ ಕುರುಪಿ ಕೆಳಗಿಟ್ಟು ನಕ್ಕಳು.

"ಅಣ್ಣಾರ, ನಿಮ್ಮ ನಾಕೂ ತುಂಡಿಗಿ ಈ ಕಡಿ ಒಂದು ಬದು, ಆ ಕಡಿ ಒಂದು ಬದು ಐತಿಲ್ರಿ? ಬದುವಿನ ಮ್ಯಾಲ ಯಾರರೆ ಕಬ್ಬ ಹಚ್ಚತಾರೇನ್ರಿ?"

ನನ್ನ ಜೊತೆ ಬಂದಿದ್ದ ನೀನು ಅಲ್ಲೇ ನಿಂತುಬಿಟ್ಟೆ. ಈ ಬದುವಿನ ಮೇಲೆ ನಮ್ಮ ಸರ್ವೆ ನಂಬರಿನ ಕಲ್ಲು, ಅದು ಆ ತುಂಡಿನ ಹೆಸರು. ಆ ಬದುವಿನ ಮೇಲೆ ನಿಂತು ಚನ್ನವ್ವ, "ಬುತ್ತಿ ಬಂತು, ಬರ್ರೆವಾ!" ಎಂದು ಕೂಗುತ್ತಾಳೆ, ಅದು ಆ ತುಂಡಿನಲ್ಲಿ ಇದ್ದವರಿಗೆಲ್ಲ ಕೇಳುತ್ತದೆ. ಮೊದಲ ನಂಬರು ಪಾಲಿನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಮ್ಮೆಲೇ ಕೂಗುವುದಕ್ಕೆ. ನಡುವಿನ ಅರವತ್ತೆರಡರಲ್ಲಿ ಕಬ್ಬು. ನೀನು ಚನ್ನವ್ವನನ್ನು ಅಪ್ಪಿಕೊಂಡು, ಬರಿಗಾಲಲ್ಲಿ ಬದುವಿನಿಂದ ಬದುವಿಗೆ ಓಡಿ ಎಣಿಸಿದೆ. ಆಮೇಲೆ ಆ ಲೆಕ್ಕ ನಿನಗೆ ಒಮ್ಮೆಯೂ ತಪ್ಪಲಿಲ್ಲ. ಚನ್ನವ್ವನ ಹೆಸರನ್ನು ನುಂಗಿದ್ದಕ್ಕೆ ಬೆಳಗ್ಗೆ ಅವಳ ಬಳಿಯೂ ಕ್ಷಮೆ ಕೇಳಿದೆ. "ಕ್ಷಮಾ ಇರ್ಲಿ, ಪಗಾರ ಹೆಚ್ಚ ಮಾಡ್ರಿ" ಎಂದಳು. ಮಾಡಿದ್ದೇನೆ.

ಈಗ ಫೀ. ಇಲ್ಲಿ ನನ್ನ ಪೆನ್ನು ನಿಧಾನ ಆಗುತ್ತದೆ.

ಫೀಯನ್ನು ಡಾಲರಿನಲ್ಲಿ ಕಟ್ಟಬೇಕು, ನಿನ್ನ ಕಾರ್ಡು ನಡೆಯಲಿಲ್ಲ. "ನನಗ ಬಿಡು" ಎಂದು ನಿನ್ನ ಹಣ ಇಸಿದುಕೊಂಡೆ. ಪತ್ತಿನ ಸೊಸೈಟಿಯ ರೋಹನನ ಕೈಗೆ ಕೊಟ್ಟಿದ್ದರೆ ಅವನು ತನ್ನ ಕಾರ್ಡಿನಿಂದ ಐದು ನಿಮಿಷದಲ್ಲಿ ಕಟ್ಟುತ್ತಿದ್ದ. ಆದರೆ ಅದರಲ್ಲಿ ಜಿನ್ನಪ್ಪನ ಹೆಚ್ಚುಗಾರಿಕೆ ಏನು ಉಳಿಯಿತು? ಫೋನಿನಲ್ಲಿ ಅರ್ಧ ದರಕ್ಕೆ ಪರೀಕ್ಷೆಯ ಕೂಪನ್ ಎಂಬ ಜಾಹೀರಾತು ಬಂದಿತ್ತು. ಉಳಿದ ಅರ್ಧದಲ್ಲಿ ನಿನಗೊಂದು ಕೈಗಡಿಯಾರ ಕೊಡಿಸಿ ಬೆರಗು ಹುಟ್ಟಿಸಬೇಕು ಎಂದುಕೊಂಡೆ.

ಜಾಹೀರಾತಿನ ನಂಬರಿಗೆ ಫೋನ್ ಮಾಡಿದರೆ, ಕೂಪನ್ ಮಾರುವ ಆ ಮನುಷ್ಯ ಮೊದಲೇ ನನ್ನ ಮರ್ಮ ಹಿಡಿದ. "ಸರ್, ನೀವು ಇಂಜಿನಿಯರ್ ಇರಬೇಕಲ್ಲ?" ಎಂದ. ಮೂವತ್ತು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ. "ಚೀಫ್ ಇಂಜಿನಿಯರ್" ಎಂದೆ. "ಎಷ್ಟು ವಿದ್ಯಾರ್ಥಿಗಳು ಸರ್?" ಎಂದ. ಒಬ್ಬಳೇ ಎಂದು ಹೇಳಲು ನಾಚಿಕೆಯಾಗಿ, "ಇಪ್ಪತ್ತು" ಎಂದುಬಿಟ್ಟೆ.

ಆಗಸ್ಟ್ ಹನ್ನೊಂದಕ್ಕೆ ನೀನು ಆ ಕೂಪನ್ ನಂಬರು ಒತ್ತಿದಾಗ ಕೆಂಪು ಅಕ್ಷರ ಬಂತು, ಇಂಥ ಕೂಪನ್ನೇ ಇಲ್ಲ ಎಂದು. ನೀನು ಅಳಲಿಲ್ಲ, ಬೈಯಲಿಲ್ಲ. ಪರದೆಯನ್ನೇ ನೋಡುತ್ತ, "ಎಷ್ಟ ಹೋತು ಮಾಮಾ?" ಎಂದೆ. ನಾನು, "ಎರಡ ಸಾವಿರ. ಉಳಿದದ್ದು ಕೈಯಾಗ ಐತಿ. ಕಡಿಮಿ ಬಿದ್ದದ್ದು ನಾ ಹಾಕತೀನಿ" ಎಂದೆ. ನೀನು ನಿಟ್ಟುಸಿರು ಬಿಟ್ಟು ಮತ್ತೆ ಪುಸ್ತಕ ತೆಗೆದೆ. ಆ ಎರಡು ಸಾವಿರ ಸುಳ್ಳು. ಹೋದದ್ದು ಐದು ಸಾವಿರದ ಎಂಟುನೂರು.

ತಡೆ. ಮೇಲೆ ಬರೆದ ಅಂಕಿ ನನ್ನ ಮುಖ ನೋಡುತ್ತಿದೆ. ಐದು ಸಾವಿರದ ಎಂಟುನೂರು ಮೊದಲ ದಿನದ್ದು. ಇಪ್ಪತ್ತು ವಿದ್ಯಾರ್ಥಿಗಳ ಖಾತೆ ತೆರೆಯಲು ಎಂದು ಮರುದಿನ ಆ ಮನುಷ್ಯ ಐದು ಸಾವಿರದ ಏಳುನೂರು ಇಸಿದುಕೊಂಡ. ಹನ್ನೊಂದೂವರೆ ಸಾವಿರ. ನಿನ್ನ ಹಣ ಪೂರ್ತಿ ಹೋಗಿತ್ತು, ಬ್ರಾಹ್ಮಿ. "ಕೈಯಾಗ ಐತಿ" ಎಂದಾಗ ನನ್ನ ಕೈಯಲ್ಲಿ ಒಂದು ಪೈಯೂ ಇರಲಿಲ್ಲ.

ಎರಡು ದಿನದ ನಂತರ ಫೀ ಕಟ್ಟಲು ನಾನು ರೋಹನನಿಗೆ ಎಣಿಸಿ ಕೊಟ್ಟ ಹಣ ಎಲ್ಲಿಂದ ಬಂತು ಎಂದು ನೀನು ಕೇಳಲಿಲ್ಲ. ಮಾಳಿಗೆಯ ಮೇಲಿನ ಡಿಶ್ ಎಲ್ಲಿ ಹೋಯಿತು ಎಂದು ಮಾತ್ರ ಊರೆಲ್ಲ ಕೇಳಿತು. ಉಪಗ್ರಹ ಜಾಗ ಬದಲಿಸಿತು, ಇನ್ನು ಅದರ ಕೆಲಸವಿಲ್ಲ ಎಂದು ಹೇಳಿದೆ. ಡಿಶ್, ಅದರ ಕಂಬ, ಉಳಿದ ತಾಮ್ರದ ತಂತಿ ಎಲ್ಲ ನಿಪ್ಪಾಣಿಯ ಗುಜರಿಯವನ ತಕ್ಕಡಿಗೆ ಹೋದವು. ಅವನು ಹನ್ನೊಂದು ಸಾವಿರದ ಆರುನೂರು ಕೊಟ್ಟ. ನೂರು ರೂಪಾಯಿ ಲಾಭದಲ್ಲೇ ಇದ್ದೇನೆ, ನೋಡು!

ಆಗಸ್ಟ್ ಇಪ್ಪತ್ತೈದನ್ನು ನಾನು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ, ಅದರಲ್ಲಿ ಸುಳ್ಳು ಬೆರೆಸುವ ಅಗತ್ಯವೂ ಇಲ್ಲ. ಕೊಲ್ಹಾಪುರದ ಪರೀಕ್ಷಾ ಕೇಂದ್ರದಲ್ಲಿ ನೀನು ಒಳಗೆ ಹೋದೆ. ನಾನೂ ಹಿಂದೆ ಹೊರಟೆ. ಬಾಗಿಲು ಕಾಯುವ ಭಾವುಸಾಹೇಬ ಅಡ್ಡ ಕೈ ಹಾಕಿ, "ಕಾಕಾ, ಆತ ನಾಹಿ ಜಾಯಚಂ" ಎಂದು, ಒಳಗೆ ಹೋಗುವಂತಿಲ್ಲ ಎಂದು ಮರಾಠಿಯಲ್ಲಿ ತಡೆದ. ನಾನು ಅವಳ ಗುರು ಎಂದೆ. ಹಾಗಾದರೆ ಗುರುಗಳು ಹೊರಗೆ ಬೆಂಚಿನ ಮೇಲೆ ಕೂಡಬೇಕು ಎಂದ. ನವಕಾರ ಮಂತ್ರ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ನಡುನಡುವೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ ಎಂದೂ ಬಾಯಿಗೆ ಬಂತು. ಈ ಸಲ ನೀಲಿ ಸರಿಯಾದ ಜಾಗದಲ್ಲೇ ಬಿತ್ತು.

ನೀನು ಹೊರಗೆ ಬಂದೆ. ಕೈಯಲ್ಲಿ ಒಂದು ಹಾಳೆ. ಮುಖ ನೋಡಿದರೆ ಏನೂ ತಿಳಿಯಲೊಲ್ಲದು. ನಾನು ಬೆಂಚಿನಿಂದ ಎದ್ದೆ. ಹತ್ತಿರ ಬಂದು ಕಿವಿಯಲ್ಲಿ ಅಂದೆಯಲ್ಲ, "ಮಾಮಾ, ಸಾವಿರಕ್ಕ ಎಂಟನೂರಾ ಎಪ್ಪತ್ತೆರಡು. ಬದುವಿನ ಲೆಕ್ಕ ಒಂದೂ ತಪ್ಪಿಲ್ಲ." ಪಾಸಿಗೆ ಏಳುನೂರು ಸಾಕಿತ್ತು! ನಾನು ಭಾವುಸಾಹೇಬನನ್ನು ಎತ್ತಿಕೊಂಡುಬಿಟ್ಟೆ. ಅವನ ಟೊಪ್ಪಿಗೆ ಬಿತ್ತು. ನಿಪ್ಪಾಣಿಯ ಬಸ್ಸಿನಲ್ಲಿ ಕಂಡಕ್ಟರನಿಂದ ಹಿಡಿದು ಕೋಳಿ ಬುಟ್ಟಿಯ ಮುದುಕಿಯ ತನಕ ಎಲ್ಲರಿಗೂ ಪೇಢೆ ಹಂಚಿದೆ. ಆ ಪೇಢೆ ಗುಜರಿಯ ನೂರು ರೂಪಾಯಿಯದು.

ಈಗ ಕೇಬಲ್ ಆಫೀಸಿನ ಸುದ್ದಿ. ನಮ್ಮ ಓಣಿಯ ನೀಲಮ ಮತ್ತು ಇನ್ನಿಬ್ಬರು ಹುಡುಗಿಯರು ಅದೇ ಪರೀಕ್ಷೆಗೆ ಕಲಿಯಲು ದಿನಾ ಸಂಜೆ ಬರುತ್ತಿದ್ದಾರೆ. ನೀನು ಬರೆದ ರಸೀದಿ ಪುಸ್ತಕಗಳೇ ಅವರ ಪಠ್ಯ. ಮಂಗಲಕ್ಕ ಬಣ್ಣದ ಪಾಠ ಮಾಡುತ್ತಾಳೆ, ಲೆಕ್ಕ ಬಂದ ದಿನ ಎಲ್ಲರನ್ನೂ ಚನ್ನವ್ವನ ಬಳಿ ಹೊಲಕ್ಕೆ ಕರೆದೊಯ್ಯುತ್ತೇನೆ. ನಡೆದೇ ಹೋಗುತ್ತೇವೆ. ನನ್ನ ಸ್ಕೂಟರ್ ನಿಂತಿದೆ. ವಯಸ್ಸಾಯಿತು, ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ.

ಮಿರಜಿಗೆ ಹೊರಟ ದಿನ ನೀನು ಕಾಲಿಗೆ ಬಿದ್ದು ಎದ್ದು, ಖಾಲಿ ಮಾಳಿಗೆಯ ಕಡೆ ನೋಡಿ, "ಉಪಗ್ರಹ ತನ್ನ ಜಾಗಕ್ಕ ತಿರುಗಿ ಬಂದ್ರ ಹೇಳ್ರಿ ಮಾಮಾ. ಮೊದಲ ಪಗಾರದಾಗ ಡಿಶ್ ನಾ ಕೊಡಸತೀನಿ" ಎಂದೆಯಲ್ಲ. ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪರೀಕ್ಷೆ ಮುಗಿಯುವ ತನಕ ನನ್ನ ಮಾನ ಕಾಯ್ದೆ. ಡಿಶ್ ಬೇಡ, ಮಗಳೇ. ಆ ಮಾಳಿಗೆಯ ಮೇಲೆ ಈಗ ನಿನ್ನ ಅವ್ವ ಹಪ್ಪಳ ಒಣಗಿಸುತ್ತಾಳೆ, ಜಾಗ ಬಿಟ್ಟುಕೊಡುವುದಿಲ್ಲ.

ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು, ತಿಳಿದೂ ತಿಳಿಯದವನಂತೆ ಮಾಡಿದ್ದು, ಎಲ್ಲಕ್ಕೂ ನಿನ್ನ ಮುಂದೆ ಕೈ ಜೋಡಿಸಿದ್ದೇನೆ. ಉತ್ತಮ ಕ್ಷಮೆ ಇರಲಿ.

ಇಂತಿ ನಿನ್ನ ಮಾಮಾ,
ಜಿನ್ನಪ್ಪ
ಚೀಫ್ ಇಂಜಿನಿಯರ್ ಅಲ್ಲ, ಏಳನೇ ಇಯತ್ತೆ

ತಾ. ಕ.: ಈ ಕಾಗದವನ್ನು ಅವ್ವನ ಮುಂದೆ ಓದಬೇಡ. ಡಾಕ್ಟರು ನನಗೆ ಏನೂ ಹೇಳಿಲ್ಲ, ನಾನು ಅವರ ಬಳಿ ಹೋಗಿಯೇ ಇಲ್ಲ. ಸ್ಕೂಟರಿನ ಇಂಜಿನ್ ಕೆಲಸಕ್ಕೆಂದು ತೆಗೆದಿಟ್ಟ ಹಣ ಇತ್ತು. ಕೂಪನ್ ಸುಳ್ಳೆಂದು ತಿಳಿದ ದಿನವೇ ಆ ಮನುಷ್ಯನಿಗೆ ಫೋನ್ ಮಾಡಿ, ಚೀಫ್ ಇಂಜಿನಿಯರ್ ದನಿಯಲ್ಲಿ ಗದರಿಸಿದೆ. ಅವನು ಬಹಳ ಹೆದರಿದ. ಹಣ ತಿರುಗಿ ಕಳಿಸಲು ಚಾರ್ಜು ಎಂದು ನಾಲ್ಕು ಸಾವಿರ, ಆಮೇಲೆ ಅದರ ಟ್ಯಾಕ್ಸು ಎಂದು ಎಂಟು ಸಾವಿರದ ನೂರ ಐವತ್ತು ಇಸಿದುಕೊಳ್ಳುವಷ್ಟು ಹೆದರಿದ. ಎಲ್ಲ ಕೂಡಿಸಿದರೆ ಇಪ್ಪತ್ತಮೂರು ಸಾವಿರದ ಆರುನೂರ ಐವತ್ತು. ಇದರಲ್ಲಿ ಎರಡು ಕಳೆಯಬೇಡ, ಬ್ರಾಹ್ಮಿ. ಬದು ಸಮೇತ ಹೋಗಿದೆ.